ಉಜ್ಜಿದ ಬೆಸುಗೆ

ಕಾರು ಮಗುಚಿದರೆ ಒಳಗಿದ್ದವರನ್ನು ಕಾಯುವ ಕಬ್ಬಿಣದ ಗೂಡು ಕೂರಿಸುವ ಕೆಲಸವನ್ನು ಒಪ್ಪಿಕೊಳ್ಳುವ ಮೊದಲು ನಾನು ಅಂತಹ ಗೂಡನ್ನು ಎರಡೇ ಬಾರಿ ಕಂಡಿದ್ದೆ. ಎರಡನ್ನೂ ಬೇರೆಯವರು ಮಾಡಿದ್ದರು. ಈ ಸಂಗತಿಯನ್ನು ನಾನು ಕಾರಿನ ಒಡತಿಗೆ ಹೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಅವರು ಕೇಳಲಿಲ್ಲ.

ಆಗ ನಾನು ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಪೈಪು ಬಾಗಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿದ್ದೆ. ನಕ್ಷೆ ಬರೆಯುವುದು ಮತ್ತು ಮಾಡಿದ ಮಾಲನ್ನು ಪರಿಶೀಲಿಸುವುದು ನನ್ನ ಕೆಲಸ. ಕಾರಿನ ಒಡತಿ ತಿ. ನರಸೀಪುರದಲ್ಲಿ ಅಕ್ಕಿ ಗಿರಣಿ ನಡೆಸುವವರು. ವಯಸ್ಸು ನಲವತ್ತರ ಆಸುಪಾಸು. ಗೇರ್ ಕಡ್ಡಿ ಸ್ಟೀರಿಂಗ್‌ನ ಪಕ್ಕದಲ್ಲೇ ಇರುವ, ದುಂಡು ದೀಪಗಳ ಹಳೆಯ ಪುಟ್ಟ ಕಾರೊಂದನ್ನು ಅವರು ಮಣ್ಣಿನ ಹಾದಿಯ ಸ್ಪರ್ಧೆಗೆ ಸಜ್ಜುಗೊಳಿಸಿದ್ದರು. ಓಡಿಸುವವರು ಅವರು, ಪಕ್ಕದಲ್ಲಿ ಕುಳಿತು ದಾರಿಯ ತಿರುವುಗಳನ್ನು ಓದಿ ಹೇಳುವವರು ಅವರ ಪತಿ, ಪ್ರೌಢಶಾಲೆಯ ಗಣಿತ ಮೇಷ್ಟ್ರು. ಹಿಂದಿನ ವರ್ಷ ಗೂಡು ಇಲ್ಲವೆಂಬ ಕಾರಣಕ್ಕೆ ತಪಾಸಣೆಯಲ್ಲೇ ಇವರನ್ನು ಹಿಂದಕ್ಕೆ ಕಳುಹಿಸಿದ್ದರು. ಈ ವರ್ಷ ತಪಾಸಣೆಗೆ ಹತ್ತು ದಿನ ಉಳಿದಿತ್ತು.

ತಪಾಸಣೆಗೆ ಕಾರಿನ ಜೊತೆ ಒಂದು ನಮೂನೆಯನ್ನೂ ಒಪ್ಪಿಸಬೇಕು. ಗೂಡನ್ನು ನಿಯಮದ ಪ್ರಕಾರ ತಯಾರಿಸಲಾಗಿದೆ, ಕೊಳವೆಗಳು ಸೇರುವ ಪ್ರತಿಯೊಂದು ಕೀಲನ್ನೂ ನಾನು ಖುದ್ದಾಗಿ ಪರೀಕ್ಷಿಸಿದ್ದೇನೆ ಎಂದು ಇಂಜಿನಿಯರ್ ಒಬ್ಬರು ಅದಕ್ಕೆ ಸಹಿ ಹಾಕಬೇಕು. ಬಣ್ಣ ಬಳಿದ ಮೇಲೆ ತಪಾಸಣಾಧಿಕಾರಿಗೆ ಒಳಗಿನದು ಕಾಣುವುದಿಲ್ಲ. ಅವರು ನಂಬುವುದು ಆ ಸಹಿಯನ್ನು. ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೊಬ್ಬಳೇ. ನನ್ನ ಸಹಿಗೆ ಅಷ್ಟು ತೂಕವಿರುವ ಕಾಗದವನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಬೆಸುಗೆಯ ಕೆಲಸಕ್ಕೆ ನರಸೀಪುರದಲ್ಲೇ ಒಬ್ಬ ಮೇಸ್ತ್ರಿಯನ್ನು ಗೊತ್ತುಮಾಡಿದೆವು. ಸೋಸಲೆ ಕಡೆಯವರು. ಮೂವತ್ತು ವರ್ಷಗಳಿಂದ ಟ್ರ್ಯಾಕ್ಟರ್ ಟ್ರೈಲರ್‌ಗಳನ್ನು ಕಟ್ಟುತ್ತಿದ್ದರು. ಅವರ ಶೆಡ್ಡಿನ ಮುಂದೆ ನಿಂತಿದ್ದ ಟ್ರೈಲರ್‌ಗಳ ಮೂಲೆಗಳಲ್ಲಿ ಕೈಯಾಡಿಸಿದರೆ ಜೋಡಣೆ ಎಲ್ಲಿದೆ ಎಂದೇ ತಿಳಿಯುತ್ತಿರಲಿಲ್ಲ. ಕಾರನ್ನು ಮೊದಲ ಬಾರಿ ಸುತ್ತಿ ನೋಡಿದ ಅವರು ಗಿರಣಿಯ ಒಡತಿಯ ಕಡೆ ತಿರುಗಿದರು.

"ಅಮ್ಮಾವ್ರೆ, ನೀವ್ ಗಾಡಿ ಓಡುಸ್ತೀರಿ, ಮೇಷ್ಟ್ರು ಪಕ್ದಲ್ ಕೂತ್ಕಂಡು ಪಾಠ ಓದ್ತಾರೆ. ಅಲ್ವಾ?"

"ಹೂಂ ಮೇಸ್ತ್ರಿ. ತಪ್ಪಾಗಿ ಓದಿದ್ರೆ ಇಬ್ರೂ ಹಳ್ಳಕ್ಕೆ."

"ಅಂಗಾರೆ ಗೂಡು ಗಟ್ಟಿಯಾಗೇ ಇರ್ಬೇಕು ಬುಡಿ," ಎಂದರು ಮೇಸ್ತ್ರಿ. ಮೇಷ್ಟ್ರು ನಕ್ಕರು. ನಾನು ನಗುವ ಸ್ಥಿತಿಯಲ್ಲಿರಲಿಲ್ಲ.

ಗೂಡಿನ ರಚನೆ ಕೇಳಲು ಸರಳ. ಸೀಟುಗಳ ಹಿಂದೆ, ಒಂದು ಬದಿಯ ನೆಲದಿಂದ ಚಾವಣಿಗೆ ಏರಿ ಮತ್ತೊಂದು ಬದಿಯ ನೆಲಕ್ಕೆ ಇಳಿಯುವ ಮುಖ್ಯ ಕಮಾನು. ಮುಂದಿನ ಗಾಜಿನ ಎರಡು ಅಂಚುಗಳನ್ನು ಅನುಸರಿಸಿ ಇಳಿಯುವ ಎರಡು ಕಂಬಿಗಳು. ಹಿಂದಿನ ಚಕ್ರಗಳ ಕಡೆಗೆ ಚಾಚುವ ಎರಡು ಆಸರೆ ಕಂಬಿಗಳು. ಇವನ್ನೆಲ್ಲ ಬಂಧಿಸುವ ಅಡ್ಡಪಟ್ಟಿಗಳು ಮತ್ತು ಒಂದು ಓರೆಕಂಬಿ. ಕಾರು ಮಗುಚಿದಾಗ ಚಾವಣಿಯ ತಗಡು ಕುಸಿಯುತ್ತದೆ, ಗೂಡು ಕುಸಿಯಬಾರದು. ಮುಖ್ಯ ಕಮಾನಿಗೆ ನಲವತ್ತೈದು ಮಿಲಿಮೀಟರ್ ಹೊರವ್ಯಾಸದ, ಎರಡೂವರೆ ಮಿಲಿಮೀಟರ್ ದಪ್ಪದ, ಉದ್ದಕ್ಕೂ ಬೆಸುಗೆಯ ಹೊಲಿಗೆಯಿಲ್ಲದ ಉಕ್ಕಿನ ಕೊಳವೆಯನ್ನು ಆರಿಸಿಕೊಂಡೆ. ಆ ಎರಡೂವರೆ ಮಿಲಿಮೀಟರೇ ಎಲ್ಲದರ ಆಧಾರ.

ನಕ್ಷೆಯನ್ನು ನಾನು ಬಹಳ ಎಚ್ಚರಿಕೆಯಿಂದ ಬರೆದೆ. ಅದರ ಕೆಳಗೆ ಹನ್ನೊಂದು ಸೂಚನೆಗಳನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದೆ. ಕನ್ನಡದಲ್ಲಿ ಬರೆಯಬಹುದಾಗಿತ್ತು. ಬರೆದರೆ ಕೆಲಸ ಕೆಳದರ್ಜೆಯದಾಗಿ ಕಾಣುತ್ತದೆ, ಗಿರಣಿಯ ಒಡತಿ ನನ್ನ ಓದಿನ ಬಗ್ಗೆ ಸಂಶಯಪಡುತ್ತಾರೆ ಎಂಬ ಅಳುಕಿತ್ತು. ಅದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಮೇಸ್ತ್ರಿ ನಕ್ಷೆಯನ್ನು ಒಮ್ಮೆ ನೇರವಾಗಿ, ಒಮ್ಮೆ ಅಡ್ಡಲಾಗಿ ಹಿಡಿದು ನೋಡಿದರು.

"ಚೆಂದಾಗದೆ ಕಣವ್ವ," ಎಂದರು. ಅಳತೆಗಳ ಮೇಲೆ ಬೆರಳಿಟ್ಟು ಒಂದೊಂದನ್ನೂ ಗಟ್ಟಿಯಾಗಿ ಓದಿ ನನ್ನಿಂದ ಖಚಿತಪಡಿಸಿಕೊಂಡರು. ಕೆಳಗಿನ ಸೂಚನೆಗಳ ಬಗ್ಗೆ ಅವರು ಕೇಳಲಿಲ್ಲ. ತಂದೆಯ ವಯಸ್ಸಿನವರಿಗೆ "ಇದನ್ನು ಓದಲು ಬರುತ್ತದೆಯೇ" ಎಂದು ಕೇಳುವ ಧೈರ್ಯ ನನಗೂ ಬರಲಿಲ್ಲ.

ಮೊದಲ ತೊಡಕು ನೆಲದಲ್ಲೇ ಎದುರಾಯಿತು. ಗೂಡಿನ ಕಾಲುಗಳು ಊರುವ ಜಾಗದಲ್ಲಿ ತಗಡು ಗಟ್ಟಿಯಾಗಿರಬೇಕು. ಚಾಪೆ ಕಿತ್ತು, ಅಡಿಯ ಟಾರಿನ ಲೇಪವನ್ನು ಕೆರೆದು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋದೆವು. ಒಳ್ಳೆಯ ತಗಡು ಟಣ್ ಎನ್ನುತ್ತದೆ. ಚಾಲಕರ ಬದಿಯ ಬಾಗಿಲ ಕೆಳಗೆ ಮಾತ್ರ ಒದ್ದೆ ಹಲಗೆಗೆ ಹೊಡೆದಂತಹ ಸದ್ದು. ಮೇಸ್ತ್ರಿ ಸುತ್ತಿಗೆಯನ್ನು ಕೊಂಚ ಜೋರಾಗಿ ಬೀಸಿದರು; ಅದರ ಮೂತಿ ತಗಡಿನೊಳಗೆ ಹೊಕ್ಕಿತು.

"ನೋಡವ್ವ, ಅಪ್ಪಳ."

ತುಕ್ಕು ಹಿಡಿದ ಭಾಗವನ್ನು ಒಂದು ಮೊಳದಷ್ಟು ಉದ್ದಕ್ಕೆ ಕತ್ತರಿಸಿ ತೆಗೆದು ಹೊಸ ತಗಡನ್ನು ಬೆಸೆದೆವು. ಒಂದೂವರೆ ದಿನ ಅದಕ್ಕೇ ಹೋಯಿತು. ಈ ನಡುವೆ ನಂಜನಗೂಡಿನಲ್ಲಿ ಕೊಳವೆಗಳನ್ನು ಬಿಸಿ ಮಾಡದೆ ಯಂತ್ರದಲ್ಲಿ ಬಾಗಿಸಿ ತಂದೆ.

ಎರಡನೆಯ ತೊಡಕು ನಾನು ಮುಂದಾಗಿ ಯೋಚಿಸಿರಬೇಕಾದದ್ದು. ಕಮಾನು ಚಾವಣಿಗೆ ಎಷ್ಟು ಹತ್ತಿರವಿದ್ದರೆ ತಲೆಗೆ ಅಷ್ಟು ಜಾಗ. ಹಾಗಾಗಿ ಚಾವಣಿಯಿಂದ ಒಂದೂವರೆ ಬೆರಳಿನಷ್ಟೇ ಬಿಟ್ಟು ಅಳತೆ ಕೊಟ್ಟಿದ್ದೆ. ಆದರೆ ಮೇಲಿನ ಕೀಲುಗಳನ್ನು ಕೊಳವೆಯ ಸುತ್ತಲೂ ಬೆಸೆಯಬೇಕು. ಒಂದೂವರೆ ಬೆರಳಿನ ಸಂದಿಯಲ್ಲಿ ಬೆಸುಗೆಯ ಕೈ ಹೋಗುವುದಿಲ್ಲ. ಮುಕ್ಕಾಲು ಸುತ್ತು ಬೆಸೆದು ಬಿಟ್ಟರೆ ಆ ಕೀಲು ಇದ್ದೂ ಇಲ್ಲದಂತೆ. ನಾನು ಚಾವಣಿಯನ್ನೇ ಕತ್ತರಿಸಿ ತೆಗೆಯುವ ಬಗ್ಗೆ ಗಂಭೀರವಾಗಿ ಲೆಕ್ಕ ಹಾಕುತ್ತಿದ್ದೆ. ಮೇಸ್ತ್ರಿ ಬೀಡಿ ಮುಗಿಸಿ ಎದ್ದು ಬಂದರು.

"ಮ್ಯಾಕೆ ಜಾಗ ಇಲ್ಲಾಂದ್ರೆ ಗೂಡ್ನೇ ಕೆಳಕ್ ಇಳ್ಸವಾ."

"ಹೇಗೆ?"

"ಕಾಲ್ ಕೆಳ್ಗೆ ನೆಲಕ್ಕೆ ತೂತು ಒಡಿ. ಗೂಡು ಒಂದ್ ಗೇಣು ಕೆಳಕ್ ಇಳೀತದೆ. ಮ್ಯಾಗ್ಳ ವೆಲ್ಡಿಂಗು ಪೂರ್ತಾ ಮಾಡ್ಕಬುಡದು. ಆಮ್ಯಾಕೆ ಗೂಡ್ ಎತ್ತಿ ಕೆಳ್ಗೆ ಪ್ಲೇಟು ಕೊಟ್ರೆ ಆಯ್ತಪ್ಪ."

ಕಾರನ್ನು ಮರದ ದಿಮ್ಮಿಗಳ ಮೇಲೆ ಏರಿಸಿ ಹಾಗೆಯೇ ಮಾಡಿದರು. ನಾಲ್ಕು ಕಾಲುಗಳು ನೆಲದ ತೂತುಗಳಿಂದ ಕೆಳಗೆ ಇಳಿಬಿದ್ದವು. ಮೇಲೆ ಕೈಯಾಡಿಸುವಷ್ಟು ಜಾಗವಾಯಿತು. ಆ ದಿನ ಅವರು ಹಾಕಿದ ಬೆಸುಗೆಗಳನ್ನು ನಾನು ಒಂದೊಂದಾಗಿ ನೋಡಿದೆ. ಮೀನಿನ ಹುರುಪೆಯಂತೆ ಒಂದರ ಮೇಲೊಂದು ಕೂತ ಸಮನಾದ ಉಬ್ಬುಗಳು. ನಮ್ಮ ಕಾರ್ಖಾನೆಯಲ್ಲೂ ಅಷ್ಟು ಹದವಾದ ಕೆಲಸ ಕಂಡಿರಲಿಲ್ಲ. ಗೂಡನ್ನು ಎತ್ತಿ ಕಾಲುಗಳ ಕೆಳಗೆ ಮೂರು ಮಿಲಿಮೀಟರಿನ ತಟ್ಟೆಗಳನ್ನು ಬೆಸೆದರು. ಹಿಂದಿನ ಗಾಜು ತೆಗೆದಿದ್ದರಿಂದ ಆಸರೆ ಕಂಬಿಗಳಿಗೂ ಕೈ ಹೋಗುತ್ತಿತ್ತು. ಅವನ್ನು ಕೊನೆಯಲ್ಲಿ ಕೂರಿಸಿದರು. ಅಲ್ಲಿಗೆ ಏಳು ದಿನ ಕಳೆದಿತ್ತು. ಮನಸ್ಸು ಮೊದಲ ಬಾರಿಗೆ ಹಗುರಾಯಿತು.

ಹಾರ್ನೆಸ್‌ಗೆ, ಎಂದರೆ ಎರಡೂ ಭುಜಗಳ ಮೇಲಿಂದ ಬಂದು ಸೊಂಟದ ಪಟ್ಟಿಗಳೊಡನೆ ಹೊಟ್ಟೆಯ ಕೆಳಗೆ ಒಂದೇ ಬೀಗಕ್ಕೆ ಸೇರುವ ಬೆಲ್ಟುಗಳಿಗೆ, ಬೋಲ್ಟುಗಳನ್ನೂ ಅವು ಕೂರುವ ಬುಷ್‌ಗಳನ್ನೂ ಮಾಡಿಸಲು ನಾನು ನಂಜನಗೂಡಿಗೆ ಮರಳಿದೆ. ಹೊರಡುವಾಗ ಮೇಸ್ತ್ರಿ ಕೇಳಿದರು: "ಇನ್ನೇನಾರ ಬಾಕಿ ಅದಾ?"

"ಏನೂ ಇಲ್ಲ. ಫಿನಿಶಿಂಗ್ ಮಾಡಿ ಪ್ರೈಮರ್ ಹೊಡೆದುಬಿಡಿ," ಎಂದೆ. ತಂತಿಯ ಬ್ರಷ್‌ನಿಂದ ಕಿಟ್ಟ ತೆಗೆದು ಬಣ್ಣ ಹೊಡೆಯಿರಿ ಎಂಬುದು ನನ್ನ ಅರ್ಥ.

ಎರಡು ದಿನ ಬಿಟ್ಟು ಶುಕ್ರವಾರ ಬೆಳಿಗ್ಗೆ ಬಸ್ಸಿಳಿದು ಶೆಡ್ಡಿಗೆ ಹೋದೆ. ಮಾರನೆಯ ದಿನ ತಪಾಸಣೆ. ಗಿರಣಿಯ ಒಡತಿ, ಮೇಷ್ಟ್ರು ಆಗಲೇ ಬಂದಿದ್ದರು. ಕಾರಿನ ಬಾಗಿಲುಗಳನ್ನೆಲ್ಲ ತೆರೆದಿಟ್ಟು ಮೇಸ್ತ್ರಿ ಪಕ್ಕದಲ್ಲಿ ನಿಂತಿದ್ದರು. ಒಳಗೆ ನೋಡಿದೆ.

ಗೂಡು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಂಡಿತು. ಬೂದು ಬಣ್ಣದ ಪ್ರೈಮರ್ ಅಡಿಯಲ್ಲಿ ಒಂದು ಉಬ್ಬೂ ಇರಲಿಲ್ಲ. ಕೊಳವೆಯಿಂದ ಕೊಳವೆಗೆ ನುಣುಪಾಗಿ ಹರಿದಿತ್ತು.

"ಎಂಗದೆ?" ಎಂದರು ಮೇಸ್ತ್ರಿ. "ಎರಡ್ ದಿನ ಗ್ರೈಂಡರ್ ಕೆಳಕ್ ಇಟ್ಟಿಲ್ಲ ಕಣವ್ವ. ಸಣ್ಣಪುಟ್ಟದ್ಕೆ ಪುಟ್ಟಿ ಕೊಟ್ಟೆ. ವೆಲ್ಡಿಂಗು ಕಂಡ್ರೆ ಮದ್ವೆ ಸೀರೇಲಿ ತ್ಯಾಪೆ ಕಂಡಂಗೆ ಆಯ್ತದೆ."

"ಫ್ಯಾಕ್ಟರಿ ಮಾಲ್ ಥರಾನೇ ಇದೆ ಕಣ್ರೀ," ಎಂದರು ಗಿರಣಿಯ ಒಡತಿ ನನ್ನ ಕಡೆ ನೋಡಿ.

ನನ್ನ ಏಳನೆಯ ಸೂಚನೆಯಲ್ಲಿ ಇದ್ದದ್ದು ಇಷ್ಟು: ಬೆಸುಗೆಯನ್ನು ಯಾವ ಕಾರಣಕ್ಕೂ ಉಜ್ಜಬಾರದು. ಬೆಸುಗೆಯ ಆ ಉಬ್ಬೇ ಕೀಲಿನ ಬಲ. ಅದನ್ನು ಉಜ್ಜಿದರೆ ಬೆಸುಗೆ ತೆಳುವಾಗುತ್ತದೆ. ಗ್ರೈಂಡರಿನ ಅರಗಲ್ಲು ಪಕ್ಕಕ್ಕೆ ಸರಿದರೆ ಕೊಳವೆಯೂ ತೆಳುವಾಗುತ್ತದೆ. ಎಷ್ಟು ತೆಳುವಾಗಿದೆ ಎಂಬುದನ್ನು ಪುಟ್ಟಿ ಮುಚ್ಚುತ್ತದೆ.

"ತುಂಬಾ ಚೆನ್ನಾಗಿದೆ," ಎಂದೆ. ಹೌದು, ಹಾಗೆಯೇ ಹೇಳಿದೆ.

ಮುಂದಿನ ಎರಡು ಗಂಟೆ ನಾನು ಹಾರ್ನೆಸ್ ಕೂರಿಸಿದೆ. ಕೈಗಳು ಕೆಲಸ ಮಾಡುತ್ತಿದ್ದವು. ಭುಜದ ಪಟ್ಟಿಗಳು ಸೀಟಿನ ಹಿಂದಿನ ಅಡ್ಡಪಟ್ಟಿಗೆ ಬಹುತೇಕ ನೇರವಾಗಿ ಹೋಗಬೇಕು. ಕಡಿದಾಗಿ ಕೆಳಕ್ಕೆ ಇಳಿದರೆ ಅಪಘಾತದಲ್ಲಿ ಅವು ಬೆನ್ನುಮೂಳೆಯನ್ನೇ ಒತ್ತುತ್ತವೆ. ಗಿರಣಿಯ ಒಡತಿ ಕುಳ್ಳು, ಮೇಷ್ಟ್ರು ಎತ್ತರ. ಅಡ್ಡಪಟ್ಟಿ ಇಬ್ಬರಿಗೂ ಒಂದೇ. ಒಡತಿಯ ಸೀಟಿನ ಕೆಳಗೆ ಬಿಲ್ಲೆಗಳನ್ನು ಕೊಟ್ಟು ಎತ್ತರಿಸಿ, ಮೇಷ್ಟ್ರದ್ದನ್ನು ನೆಲಕ್ಕೆ ತಗ್ಗಿಸಿ ಇಬ್ಬರ ಭುಜಗಳನ್ನೂ ಒಂದು ಮಟ್ಟಕ್ಕೆ ತಂದೆ. ಸೊಂಟದ ಪಟ್ಟಿ ಹೊಟ್ಟೆಯ ಮೇಲೇರದೆ ಮೂಳೆಯ ಮೇಲೆ ಕೂರುವಂತೆ ಬಿಗಿದೆ.

"ಉಸಿರಾಡ್ಬೋದಾ, ಅದೂ ರೂಲ್ಸ್‌ನಲ್ಲಿ ಇಲ್ವಾ?" ಎಂದು ಗಿರಣಿಯ ಒಡತಿ ಹೆಲ್ಮೆಟ್ಟಿನೊಳಗಿಂದ ಕೇಳಿದರು.

ಪಟ್ಟಿ ಬಿಗಿಯುವಾಗಲೆಲ್ಲ ನನ್ನ ಮೊಣಕೈ ಅವರ ತಲೆಯ ಹಿಂದಿನ ಕೀಲಿಗೆ ತಾಗುತ್ತಿತ್ತು. ಓರೆಕಂಬಿ ಮುಖ್ಯ ಕಮಾನಿಗೆ ಸೇರುವ ಕೀಲು. ನುಣ್ಣಗಿತ್ತು. ಹೆಲ್ಮೆಟ್ಟಿಗೂ ಅದಕ್ಕೂ ನಡುವೆ ನಾಲ್ಕು ಬೆರಳು ಅಂತರ.

ಅವರು ಇಳಿದು ನಮೂನೆಯನ್ನು ಬಾನೆಟ್ ಮೇಲೆ ಹಾಸಿದರು. "ಸಹಿ ಹಾಕ್ಬಿಡಿ. ನಾಳೆ ಗಡಿಬಿಡೀಲಿ ಮರೆತುಹೋಗುತ್ತೆ."

ಪೆನ್ನು ಕೈಗೆ ಬಂದಿತು. "ಒಂದು ಸಣ್ಣ ಪರೀಕ್ಷೆ ಬಾಕಿಯಿದೆ, ಮೇಡಂ. ಸಂಜೆ ಹಾಕುತ್ತೇನೆ," ಎಂದೆ. ನಾಲ್ಕು ಗಂಟೆಗೆ ಬರುವುದಾಗಿ ಹೇಳಿ ಅವರು ಗಿರಣಿಗೆ ಹೋದರು.

ಶೆಡ್ಡಿನಲ್ಲಿ ನಾನು ಮತ್ತು ಮೇಸ್ತ್ರಿ ಉಳಿದೆವು. ಬೆಸುಗೆಯ ಬಿರುಕು ನೋಡುವ ಬಣ್ಣದ ಡಬ್ಬಿಗಳನ್ನೂ, ಲೋಹದ ದಪ್ಪ ಅಳೆಯುವ ಸಣ್ಣ ಉಪಕರಣವನ್ನೂ ಕಾರ್ಖಾನೆಯಿಂದ ಕೇಳಿ ತಂದಿದ್ದೆ. ನಮೂನೆಯಲ್ಲಿ "ಪರೀಕ್ಷಿಸಿದ್ದೇನೆ" ಎಂದಿರುವುದರಿಂದ ಎರಡು ಕೀಲುಗಳನ್ನಾದರೂ ನೋಡಬೇಕೆಂದು ಮೊದಲೇ ಅಂದುಕೊಂಡಿದ್ದೆ. ಡಬ್ಬಿಗಳನ್ನು ಹೊರತೆಗೆಯದೆ ಸಂಜೆಯವರೆಗೆ ಕೂರುವುದೂ ಸಾಧ್ಯವಿತ್ತು. ನಾನು ಹಾಗೆ ಕೂತದ್ದೂ ಉಂಟು, ಕಾಲು ಗಂಟೆಯಷ್ಟು. ಪ್ರೈಮರ್ ಕೆಳಗಿನದು ನನಗೆ ಬಿಟ್ಟರೆ ಯಾರಿಗೂ ತಿಳಿಯದು. ಸ್ಪರ್ಧೆಗೆ ಹೋದ ಕಾರುಗಳೆಲ್ಲ ಮಗುಚುವುದಿಲ್ಲ. ಎದುರಿಗೆ ಮೇಸ್ತ್ರಿ ಬುತ್ತಿ ಬಿಚ್ಚುತ್ತಾ, ಇದರ ಫೋಟೋ ತೆಗೆದು ಶೆಡ್ಡಿನಲ್ಲಿ ಹಾಕಿಸಬೇಕು ಎನ್ನುತ್ತಿದ್ದರು.

"ಮೇಸ್ತ್ರಿಯವರೇ," ಎಂದೆ, "ಕೆಲವು ಕಡೆ ಪ್ರೈಮರ್ ತೆಗೆದು ನೋಡಬೇಕು."

ಅವರ ಕೈ ನಿಂತಿತು. "ಯಾಕವ್ವ?"

"ಬೆಸುಗೆ ಸರಿಯಾಗಿದೆಯೇ ಎಂದು."

"ಮೂವತ್ ವರ್ಸದಿಂದ ನನ್ ಟ್ರೈಲರ್ ಕಬ್ಬು ತುಂಬ್ಕಂಡ್ ಓಡಾಡ್ತಾವೆ. ಒಂದಾದ್ರೂ ಬಾಯ್ ಬುಟ್ಟದಾ ಕೇಳ್ಕಂಡ್ ಬಾ ಓಗು."

"ಇಲ್ಲ. ಆದರೂ ನೋಡಬೇಕು."

ಅವರು ತಡೆಯಲಿಲ್ಲ. ಥಿನ್ನರ್‌ನಲ್ಲಿ ಬಟ್ಟೆ ಅದ್ದಿ ಮೊದಲ ಕೀಲಿನ ಪ್ರೈಮರನ್ನೂ ಪುಟ್ಟಿಯನ್ನೂ ತೆಗೆದೆ. ಲೋಹ ಹೊಳೆಯುವಂತಾದ ಮೇಲೆ ಕೆಂಪು ದ್ರವ ಸಿಂಪಡಿಸಿದೆ. ಬಿರುಕಿದ್ದರೆ ಅದು ಒಳಗೆ ಇಳಿಯಲು ಹತ್ತು ನಿಮಿಷ ಬೇಕು. ಆಮೇಲೆ ಪೂರ್ತಿಯಾಗಿ ಒರೆಸಿ ಬಿಳಿಯ ಪುಡಿ ಸಿಂಪಡಿಸಬೇಕು. ಒಳಗೆ ಉಳಿದ ಕೆಂಪು ಬಿಳುಪಿನ ಮೇಲೆ ಎದ್ದು ಬರುತ್ತದೆ. ಮೊದಲ ಕೀಲು ಬಿಳಿಯಾಗಿಯೇ ಉಳಿಯಿತು. ಎರಡನೆಯದೂ ಉಳಿಯಿತು.

"ಕಂಡ್ಯಾ?" ಎಂದರು ಮೇಸ್ತ್ರಿ, ದೂರದಿಂದಲೇ.

ಅಲ್ಲಿಗೆ ನಿಲ್ಲಿಸಲು ನನ್ನ ಬಳಿ ಕಾರಣವಿತ್ತು. ಎರಡು ಕೀಲು ಎಂದುಕೊಂಡು ಬಂದಿದ್ದೆ, ಎರಡನ್ನು ನೋಡಿದ್ದೆ. ಮೂರನೆಯದಾಗಿ ಚಾಲಕರ ತಲೆಯ ಹಿಂದಿನ ಕೀಲಿಗೆ ಹೋದೆ.

ಬಿಳಿಯ ಪುಡಿ ಒಣಗಿ ನಿಮಿಷವಾಗಿರಲಿಲ್ಲ. ಕಮಾನಿನ ಒಳಮಗ್ಗುಲಲ್ಲಿ ಕೆಂಪು ಎಳೆಯೊಂದು ಎದ್ದಿತು. ಕಿರುಬೆರಳಿನ ಉಗುರಿನಷ್ಟು ಉದ್ದ. ಅದು ನಿಧಾನವಾಗಿ ದಪ್ಪವಾಯಿತು. ಮೇಸ್ತ್ರಿ ಎದ್ದು ಬಂದು ಬಗ್ಗಿ ನೋಡಿದರು.

"ಒರೆಸ್ದೆಲೆ ಉಳ್ಕಂಡಿರ ಬಣ್ಣ ಅದು."

"ಇರಬಹುದು."

"ಕೊಡಿಲ್ಲಿ." ಡಬ್ಬಿಗಳನ್ನು ನನ್ನ ಕೈಯಿಂದ ತೆಗೆದುಕೊಂಡು, ನಾನು ಮಾಡಿದ್ದನ್ನೇ ಮೊದಲಿನಿಂದ ಅವರೇ ಮಾಡಿದರು. ಒರೆಸುವಾಗ ಮೂರು ಬಟ್ಟೆ ಬದಲಿಸಿದರು. ಎಳೆ ಅದೇ ಜಾಗದಲ್ಲಿ, ಅದೇ ಉದ್ದಕ್ಕೆ ಎದ್ದಿತು. ನಾನು ಅದರ ಪಕ್ಕ ಕೊಳವೆಯ ಮೇಲೆ ದಪ್ಪ ಅಳೆಯುವ ಉಪಕರಣವನ್ನು ಇಟ್ಟೆ. ಎರಡೂವರೆ ಇರಬೇಕಾದಲ್ಲಿ ಒಂದು ಪಾಯಿಂಟ್ ಆರು. ಅರಗಲ್ಲು ಕಮಾನನ್ನೇ ತಿಂದಿತ್ತು.

ಆಗ ಏಳನೆಯ ಸೂಚನೆಯನ್ನು ಕನ್ನಡದಲ್ಲಿ ಹೇಳಿದೆ. ಅವರು ಗೋಡೆಗೆ ಸಿಕ್ಕಿಸಿದ್ದ ನಕ್ಷೆಯನ್ನು ತೆಗೆದು ನನ್ನ ಮುಂದೆ ಹಿಡಿದರು.

"ಎಲ್ಲದೆ?"

ತೋರಿಸಿದೆ. ಆ ಸಾಲನ್ನು ಅವರು ಬಹಳ ಹೊತ್ತು ನೋಡಿದರು.

"ವಾರದಿಂದ ಇಲ್ಲೇ ನಿಂತ್ಕಂಡಿದ್ದಲ್ಲವ್ವ ನೀನು. ಉಜ್ಬ್ಯಾಡ ಕಣಣ್ಣ ಅಂತ ಒಂದ್ ಮಾತು ಬಾಯ್ಬುಟ್ಟು ಏಳಿದ್ರೆ ನಿನ್ ಗಂಟೇನ್ ಓಗ್ತಿತ್ತು?"

"ಹೇಳಬೇಕಿತ್ತು," ಎಂದೆ. "ತಪ್ಪು ನನ್ನದು."

"ತೆಪ್ಪು ನಿಂದೋ ನಂದೋ, ಬಿರ್ಕ್ ಬಿದ್ದಿರದು ಅಮ್ಮಾವ್ರ ತಲೆ ಇಂದೆ," ಎಂದು ಅವರು ಡ್ರಮ್ಮಿನ ಮೇಲೆ ಕೂತುಬಿಟ್ಟರು. ಬುತ್ತಿ ಹಾಗೆಯೇ ಉಳಿಯಿತು.

ನಾಲ್ಕು ಗಂಟೆಗೆ ದಂಪತಿಗಳು ಬಂದರು. ನಾನು ನಿಂತುಕೊಂಡೇ ವಿಷಯ ತಿಳಿಸಿದೆ. ಸಾಧ್ಯವಾದಷ್ಟು ಸರಿಯಾದ ಮಾತುಗಳಲ್ಲಿ, ನನ್ನ ಪಾಲಿನ ತಪ್ಪನ್ನು ಮೊದಲು ಹೇಳಿ. ಗಿರಣಿಯ ಒಡತಿ ಕೆಂಪು ಎಳೆಯನ್ನು ನೋಡಿದರು.

"ಇಷ್ಟೇ ಉದ್ದ ಇರೋದು. ಇದರ ಮೇಲೊಂದು ವೆಲ್ಡ್ ಹಾಕಿ."

"ಆಗುವುದಿಲ್ಲ, ಮೇಡಂ. ಕೊಳವೆಯೇ ತೆಳುವಾಗಿದೆ. ಮೇಲೆ ಬೆಸೆದರೆ ಅದರ ಪಕ್ಕದಲ್ಲಿ ಹರಿಯುತ್ತದೆ. ಕಮಾನು ಬದಲಾಗಬೇಕು. ಮಿಕ್ಕ ಕೀಲುಗಳನ್ನೂ ನಂಬುವಂತಿಲ್ಲ."

"ಎಷ್ಟು ದಿನ?"

"ಒಂದು ವಾರ."

"ನಾಳೆ ತಪಾಸಣೆ ಕಣ್ರೀ! ಹೋದ ವರ್ಷ ಎಲ್ರ ಮುಂದೆ ಗೇಟಿನಿಂದ ವಾಪಸ್ ಬಂದಿದೀನಿ. ಮತ್ತೆ ಅದೇ ಆಗ್ಬೇಕಾ?" ಅವರ ಧ್ವನಿ ಏರಿತು. "ನಾನು ಉರುಳಿಸ್ಕೊಂಡ್ರೆ ತಾನೆ ಇದೆಲ್ಲ? ನಾನು ಉರುಳಿಸಲ್ಲ."

"ಉರುಳ್ಸಲ್ಲ ಅಂತ ರಸ್ತೆ ಏನಾದ್ರೂ ಬರ್ಕೊಟ್ಟಿದ್ಯಾ?" ಎಂದರು ಮೇಷ್ಟ್ರು ಮೆಲ್ಲಗೆ.

"ನೀವು ಸುಮ್ನಿರಿ." ಅವರು ನಮೂನೆಯನ್ನು ನನ್ನ ಮುಂದೆ ಹಿಡಿದರು. "ಹಾಕ್ತೀರೋ ಇಲ್ವೋ?"

"ಹಾಕುವುದಿಲ್ಲ."

ನಮ್ಮ ಕಾರ್ಖಾನೆಗೆ ಇವರಿಂದ ಒಂದು ಫೋನು ಹೋದರೆ ನನ್ನ ಕೆಲಸ ಉಳಿಯುವುದೇ ಎಂಬುದು ತಿಳಿದಿರಲಿಲ್ಲ.

"ಸರಿ. ಮೈಸೂರಲ್ಲಿ ಇಂಜಿನಿಯರ್‌ಗಳಿಗೆ ಬರ ಇಲ್ಲ. ಬೆಳಿಗ್ಗೆ ಹೋಗ್ತಾ ದಾರೀಲಿ ಯಾರ ಹತ್ರನಾದ್ರೂ ಹಾಕಿಸ್ಕೊತೀನಿ. ಮೇಸ್ತ್ರಿ, ಇದನ್ನೆಲ್ಲ ಒರೆಸಿ ಮತ್ತೆ ಪ್ರೈಮರ್ ಹೊಡೀರಿ."

ಈ ಸಾಧ್ಯತೆಯನ್ನು ನಾನು ಯೋಚಿಸಿರಲೇ ಇಲ್ಲ. ನನ್ನ ಸಹಿ ಇಲ್ಲದಿದ್ದರೆ ಕಾರು ಹೋಗುವುದಿಲ್ಲ ಎಂದೇ ತಿಳಿದಿದ್ದೆ. ಅವರು ಹೇಳಿದ್ದು ನಿಜ. ಬೇರೊಂದು ಸಹಿ ಅರ್ಧ ಗಂಟೆಯ ಕೆಲಸ. ಆ ಸಹಿ ಹಾಕುವವರಿಗೆ ಬೂದು ಬಣ್ಣದ ನುಣುಪು ಗೂಡು ಮಾತ್ರ ಕಾಣುತ್ತದೆ.

ಮೇಸ್ತ್ರಿ ಡ್ರಮ್ಮಿನಿಂದ ಎದ್ದರು. ಗ್ರೈಂಡರನ್ನು ಎತ್ತಿಕೊಂಡು, ಅರಗಲ್ಲು ಬಿಚ್ಚಿ, ಕತ್ತರಿಸುವ ತೆಳು ಚಕ್ರವನ್ನು ತೊಡಿಸಿದರು. ಅದೇಕೆಂದು ನಮಗಾರಿಗೂ ಹೊಳೆಯಲಿಲ್ಲ. ಅವರು ಕಾರಿನೊಳಗೆ ಮಂಡಿಯೂರಿ ಕೂತು ಹಿಂತಿರುಗಿದರು.

"ಕಣ್ಣು ಆ ಕಡೀಕ್ ತಿರುಗ್ಸ್ಕಳಿ ಅಮ್ಮಾವ್ರೆ."

ಚಕ್ರ ಮುಖ್ಯ ಕಮಾನಿಗೆ ತಾಗಿತು. ಕಿಡಿಗಳು ಚಾವಣಿಗೆ ಬಡಿದು ಸೀಟಿನ ಮೇಲೆ ಸುರಿದವು. ಗಿರಣಿಯ ಒಡತಿ ಏನೋ ಕೂಗಿದರು. ಆ ಸದ್ದಿನಲ್ಲಿ ಕೇಳಿಸಲಿಲ್ಲ. ಒಂದು ಕಡೆ ತುಂಡಾದ ಮೇಲೆ ಮೇಸ್ತ್ರಿ ಇನ್ನೊಂದು ಬದಿಗೆ ಹೋಗಿ ಅಲ್ಲಿಯೂ ಕತ್ತರಿಸಿದರು. ಗ್ರೈಂಡರ್ ನಿಂತಾಗ ಶೆಡ್ಡಿನಲ್ಲಿ ಸುಟ್ಟ ಬಣ್ಣದ ವಾಸನೆಯಿತ್ತು.

"ಈಗ ಯಾರ್ ಬೇಕಾರು ಸಯ್ನ್ ಆಕ್ಲಿ," ಎಂದರು. "ಈ ಮಗು ಏಳ್ದಾಗ ನಂಗೂ ಕ್ವಾಪ ಬಂತು ಅಮ್ಮಾವ್ರೆ. ಕಣ್ಣಾರೆ ಕಂಡ್ ಮ್ಯಾಕೆ ಇದ್ರೊಳ್ಗೆ ನಿಮ್ಮುನ್ನ ಕೂರ್ಸಿ ಕಳ್ಸಿ, ನಾಳಿದ್ದು ನಾನ್ ಅನ್ನ ಎಂಗ್ ತಿನ್ಲಿ?"

ಗಿರಣಿಯ ಒಡತಿ ನಮೂನೆಯನ್ನು ಮಡಚಿ ಚೀಲದಲ್ಲಿ ಹಾಕಿಕೊಂಡು ಹೊರಟುಹೋದರು. ಮೇಷ್ಟ್ರು ಮಾತ್ರ ಬಾಗಿಲಲ್ಲಿ ಒಂದು ಕ್ಷಣ ನಿಂತು, ನಮ್ಮಿಬ್ಬರನ್ನೂ ನೋಡಿ, ತಲೆಬಾಗಿಸಿ ಹೋದರು. ಶನಿವಾರ, ಭಾನುವಾರ ಯಾರಿಂದಲೂ ಫೋನು ಬರಲಿಲ್ಲ. ಸೋಮವಾರ ಮಧ್ಯಾಹ್ನ ಗಿರಣಿಯ ಒಡತಿಯೇ ಕರೆ ಮಾಡಿದರು.

"ಮುಂದಿನ ತಿಂಗಳು ಇನ್ನೊಂದು ಸ್ಪರ್ಧೆ ಇದೆ. ಪೈಪು ಯಾವಾಗ ಬಾಗಿಸ್ತೀರಿ?" ಧ್ವನಿಯಲ್ಲಿ ಸಿಟ್ಟು ಹಾಗೆಯೇ ಇತ್ತು.

ಎರಡನೆಯ ಗೂಡನ್ನು ಕಟ್ಟುವ ಮೊದಲು ನಾನೂ ಮೇಸ್ತ್ರಿಯೂ ಕೂತು ಹನ್ನೊಂದು ಸೂಚನೆಗಳನ್ನೂ ಕನ್ನಡದಲ್ಲಿ ಮಾತಾಡಿದೆವು. ಎರಡಕ್ಕೆ ಅವರು ಒಪ್ಪಲಿಲ್ಲ. ಒಂದರಲ್ಲಿ ಅವರ ಮಾತೇ ಸರಿಯಾಗಿತ್ತು: ಕಾಲಿನ ತಟ್ಟೆಯನ್ನು ನೆಲದ ಮೇಲಷ್ಟೇ ಹಾಸದೆ, ಮಡಚಿ ಬಾಗಿಲ ಕೆಳಗಿನ ತೊಲೆಯ ಮೇಲೂ ಏರಿಸಿದರೆ ಭಾರ ಎರಡು ಕಡೆ ಹಂಚಿಹೋಗುತ್ತದೆ. ನಕ್ಷೆಯನ್ನು ತಿದ್ದಿದೆ. ಈ ಸಲ ನಾನು ಒಂದು ದಿನವೂ ಶೆಡ್ಡು ಬಿಡಲಿಲ್ಲ. ಮೇಸ್ತ್ರಿ ಪ್ರತಿ ಕೀಲು ಮುಗಿದಾಗಲೂ ಮುಖವಾಡ ಎತ್ತಿ ಕೂಗುತ್ತಿದ್ದರು, "ಬಾರವ್ವ, ನಿನ್ ಕೆಂಪು ನೀರು ತಗಂಡು." ಪ್ರತಿಯೊಂದಕ್ಕೂ ಬಣ್ಣ ಹಾಕಿದೆವು. ಒಂದು ಕೀಲಿನಲ್ಲಿ ಸೂಜಿಮೊನೆಯಷ್ಟು ಕೆಂಪು ಚುಕ್ಕೆ ಕಂಡಿತು. ನಾನು ಬಾಯಿ ತೆರೆಯುವ ಮೊದಲೇ ಅವರು ಅದನ್ನು ಕೊರೆದು ತೆಗೆದು ಮತ್ತೆ ಬೆಸೆದರು. ಹುರುಪೆಗಳು ಹಾಗೆಯೇ ಉಳಿದವು.

ಕಾರು ಒಯ್ಯುವ ದಿನ ಗಿರಣಿಯ ಒಡತಿ ಬೆಲ್ಟು ಬಿಗಿಸಿಕೊಂಡು ಕೂತು, ಕೈ ಹಿಂದಕ್ಕೆ ಚಾಚಿ ತಲೆಯ ಹಿಂದಿನ ಕೀಲನ್ನು ಸವರಿ ನೋಡಿದರು. ನಮೂನೆಯನ್ನು ಮೇಷ್ಟ್ರ ಕೈಯಿಂದ ಇಸಿದುಕೊಂಡು ನನಗೆ ಕೊಟ್ಟರು. ನಾನು ಎರಡು ಸಲ ಓದಿದೆ. ಹೆಸರು, ಪದವಿ, ಸಹಿ, ದಿನಾಂಕ. ಸಹಿಗೆ ಇದ್ದದ್ದು ಇಂಜಿನಿಯರ್‌ನ ಒಂದೇ ಅಂಕಣ. ಸಹಿ ಹಾಕಿ ಹಿಂದಿರುಗಿಸಲು ಹೋದಾಗ ಮೇಸ್ತ್ರಿ ಕೈ ಒರೆಸಿಕೊಂಡು ಬಂದು ಪೆನ್ನು ಕೇಳಿದರು.

"ಇದರಲ್ಲಿ ನಿಮಗೆ ಜಾಗವಿಲ್ಲ, ಮೇಸ್ತ್ರಿಯವರೇ," ಎಂದೆ.

"ವೆಲ್ಡಿಂಗ್ ಯಾರ್ದು?"

"ನಿಮ್ಮದು."

"ಅಂಗಾರೆ ಜಾಗ ಮಾಡು."

ಬಾನೆಟ್ ಮೇಲೆ ಕಾಗದವನ್ನು ಒತ್ತಿ ಹಿಡಿದೆ. ನನ್ನ ಸಹಿಯ ಕೆಳಗೆ, ಅಂಚಿನ ಖಾಲಿ ಜಾಗದಲ್ಲಿ, ಅವರು ತಮ್ಮ ಹೆಸರನ್ನು ಕನ್ನಡದಲ್ಲಿ ಅಕ್ಷರ ಬಿಡಿಸಿ ಬರೆದರು. ಪೆನ್ನಿನ ಮೊನೆ ಅಲ್ಲಲ್ಲಿ ಕಾಗದವನ್ನು ಹರಿಯಿತು.

ತಪಾಸಣಾಧಿಕಾರಿ ಮಾರನೆಯ ದಿನ ಟಾರ್ಚು ಹಿಡಿದು ಗೂಡಿನ ಕೀಲುಗಳನ್ನು ಒಂದೊಂದಾಗಿ ನೋಡಿದರಂತೆ. ಕೊನೆಯಲ್ಲಿ ನಮೂನೆಯ ಅಂಚಿನ ಮೇಲೆ ಬೆರಳಿಟ್ಟು ಇದು ಯಾರ ಸಹಿ ಎಂದು ಕೇಳಿದರಂತೆ. ಗಿರಣಿಯ ಒಡತಿ ಅದನ್ನು ನನಗೆ ಫೋನಿನಲ್ಲಿ ಹೇಳಿದರು.

"ನೀವೇನೆಂದಿರಿ?"

"ಇದನ್ನ ಬೆಸೆದವರದು ಅಂದೆ. ಹಿಂದಿನದನ್ನ ಕತ್ತರಿಸಿದವರೂ ಅವರೇ ಅಂದೆ." ಹಿನ್ನೆಲೆಯಲ್ಲಿ ಎಂಜಿನ್ನುಗಳ ಸದ್ದಿತ್ತು. "ಆ ಸಹೀನ ಹೊಡೆದುಹಾಕ್ಲಿಲ್ಲ ಕಣ್ರೀ. ಹಾಗೇ ಇಟ್ಕೊಂಡ್ರು. ಫೋನ್ ಇಡ್ತೀನಿ, ನಮ್ಮ ನಂಬರ್ ಕೂಗ್ತಿದಾರೆ."